ನಿಮ್ಮ ಲೇಖನದಲ್ಲಿ ಯಂತ್ರ ಜಾಸ್ತಿ, ಅಂಗಾಂಶ ಕಡಿಮೆ

ನಮಸ್ಕಾರ.

ಇಲಿಯ ಮಿದುಳಿನಲ್ಲಿ ಯಾವ ಕೊಬ್ಬಿನ ಅಣು ಎಲ್ಲಿದೆ ಎಂದು ಮಾಸ್ ಸ್ಪೆಕ್ಟ್ರೋಮೆಟ್ರಿ ಇಮೇಜಿಂಗ್ (ಅಣುಗಳನ್ನು ತೂಕದಿಂದ ಗುರುತಿಸಿ ಚಿತ್ರ ಮಾಡುವ ವಿಧಾನ) ತೋರಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಈ ಲೇಖನ ನಮಗೆ ಬೇಕು.

ಮುಕ್ಕಾಲು ಭಾಗ ಯಂತ್ರದ ವರ್ಣನೆಯೇ ಆಗಿದೆ. ಅಂಗಾಂಶದ ಬಗ್ಗೆ ಇರುವುದು ಒಂದೇ ಸಾಲು: 'ಸ್ಯಾಂಪಲ್ ಸಿದ್ಧಪಡಿಸಿ ಯಂತ್ರದೊಳಗೆ ಇಡುತ್ತಾರೆ.' ಚಿತ್ರ ಚೆನ್ನಾಗಿ ಬರುವುದೂ ಕೆಡುವುದೂ ಹೆಚ್ಚಾಗಿ ಆ ಹಂತದಲ್ಲೇ. ನೀವು ಅಲ್ಲಿ ನಿಲ್ಲಲೇ ಇಲ್ಲ.

ಅಂಗಾಂಶಕ್ಕೆ ಹೊಡೆಯುವ ಲೇಸರ್‌ನ ಚುಕ್ಕೆ ಸಣ್ಣದಾದರೆ ಚಿತ್ರ ತಾನಾಗಿ ಸ್ಪಷ್ಟವಾಗುತ್ತದೆ ಎಂದಿದ್ದೀರಿ. ಅದಷ್ಟೇ ಸಾಲದು. ಲೇಸರ್ ಹೊಡೆತಕ್ಕೆ ಅಣುಗಳು ಅಯಾನುಗಳಾಗಿ ಮೇಲೇಳಲು ಮ್ಯಾಟ್ರಿಕ್ಸ್ ಎಂಬ ರಾಸಾಯನಿಕದ ಲೇಪ ಬೇಕಲ್ವಾ? ಆ ಲೇಪ ಹರಳುಗಟ್ಟುತ್ತದೆ. 10 ಮೈಕ್ರಾನ್ ಅಂತರದಲ್ಲಿ ಚಿತ್ರ ತೆಗೆಯಲು ಹೊರಟಾಗ ಹರಳೇ 30 ಮೈಕ್ರಾನ್ ಇದ್ದರೆ ಸಣ್ಣ ಚುಕ್ಕೆಯಿಂದ ಏನು ಲಾಭ? ಮ್ಯಾಟ್ರಿಕ್ಸನ್ನು ದ್ರಾವಕದಲ್ಲಿ ಕರಗಿಸಿ ಸ್ಪ್ರೇ ಮಾಡುವಾಗ ಒದ್ದೆ ಜಾಸ್ತಿಯಾದರೆ ಅಣುಗಳು ದ್ರಾವಕದಲ್ಲಿ ಕರಗಿ ಪಕ್ಕಕ್ಕೆ ಹರಿಯುತ್ತವೆ, ರಂಗೋಲಿಯ ಮೇಲೆ ನೀರು ಬಿದ್ದ ಹಾಗೆ. ತೀರಾ ಒಣವಾದರೆ ಅವು ಅಂಗಾಂಶದಿಂದ ಸರಿಯಾಗಿ ಹೊರಬರುವುದಿಲ್ಲ, ಸಿಗ್ನಲ್ ಸೊರಗುತ್ತದೆ. ಅದಕ್ಕೇ ಕೆಲವರು ದ್ರಾವಕವನ್ನು ಬಿಟ್ಟು, ನಿರ್ವಾತದಲ್ಲಿ ಮ್ಯಾಟ್ರಿಕ್ಸ್ ಪುಡಿಯನ್ನು ಕಾಯಿಸಿ, ಅದರ ಆವಿಯನ್ನು ಸೆಕ್ಷನ್ (ಅಂಗಾಂಶದ ತೆಳು ಹೋಳು) ಮೇಲೆ ಕೂರಿಸುತ್ತಾರೆ. ಹರಳು ತುಂಬಾ ಸಣ್ಣದಾಗಿ ಬರುತ್ತದೆ. ಈ ಎಳೆದಾಟವೇ ನಿಮ್ಮ ಲೇಖನದ ಜೀವ. ಇದಕ್ಕೆ ಎರಡು ಪುಟ ಕೊಟ್ಟರೂ ನಾನು ಕತ್ತರಿ ಹಾಕುವುದಿಲ್ಲ.

ಒಂದು ತಪ್ಪನ್ನು ತಿದ್ದಲೇಬೇಕು. ಅಂಗಾಂಶವನ್ನು ಓಸಿಟಿಯಲ್ಲಿ (ಕೊಯ್ಯುವಾಗ ಆಸರೆಗೆ ಬಳಸುವ ಅಂಟು) ಮುಳುಗಿಸಿ ಕೊಯ್ಯುತ್ತಾರೆ ಎಂದು ಬರೆದಿದ್ದೀರಿ. ಮೈಕ್ರೋಸ್ಕೋಪ್ ಕೆಲಸಕ್ಕೆ ಸರಿ, ಇಲ್ಲಿ ಸಲ್ಲದು. ಅದರಲ್ಲಿರುವ ಪಾಲಿಮರ್‌ಗಳ ಸಿಗ್ನಲ್ ಎದ್ದು ಬಂದು ನಮಗೆ ಬೇಕಾದ ಅಣುಗಳನ್ನು ಅಡಗಿಸಿಬಿಡುತ್ತದೆ. ಇಲ್ಲಿ ಓಸಿಟಿಯನ್ನು ಅಂಗಾಂಶದ ಬುಡಕ್ಕಷ್ಟೇ ಹಚ್ಚಿ ನಿಲ್ಲಿಸುತ್ತಾರೆ, ಕೊಯ್ಯುವ ಭಾಗಕ್ಕೆ ತಾಗದಂತೆ. ಸುತ್ತ ಆಸರೆ ಬೇಕೇ ಬೇಕೆಂದರೆ ಜೆಲಾಟಿನ್ ಇದೆ.

ಲೇಸರ್‌ನಿಂದ ದೊಡ್ಡ ಅಣುಗಳನ್ನು ಅಯಾನುಗಳಾಗಿಸಿದ್ದಕ್ಕೆ 2002ರ ನೊಬೆಲ್ ಪಡೆದ ಕೊಯಿಚಿ ತನಾಕಾ ಬಗ್ಗೆ ಬರೆದಿದ್ದೀರಿ. ಆದರೆ ಇಂದು ಬಳಸುವ ಮ್ಯಾಟ್ರಿಕ್ಸ್ ವಿಧಾನ ಜರ್ಮನಿಯ ಕರಾಸ್ ಮತ್ತು ಹಿಲ್ಲೆನ್‌ಕ್ಯಾಂಪ್ ಅವರಿಂದ ಬಂದದ್ದು. ಅವರ ಹೆಸರನ್ನೂ ಸೇರಿಸಿ, ಇಡೀ ಭಾಗವನ್ನು ಎರಡು ಸಾಲಿಗೆ ಇಳಿಸಿ.

ಕ್ರಯೋಸ್ಟಾಟ್‌ನಲ್ಲಿ (ಹೆಪ್ಪುಗಟ್ಟಿದ ಅಂಗಾಂಶವನ್ನು ತೆಳುವಾಗಿ ಕೊಯ್ಯುವ ಯಂತ್ರ) ನೀವೇ ಸೆಕ್ಷನ್ ಕೊಯ್ಯುವುದಾಗಿ ಪತ್ರದಲ್ಲಿ ತಿಳಿಸಿದ್ದೀರಿ. ಮತ್ತೆ ಲೇಖನದಲ್ಲಿ ಅದು ಯಾಕಿಲ್ಲ? ಅಂಗಾಂಶ ತೆಗೆದ ಕೂಡಲೇ ಯಾಕೆ ಹೆಪ್ಪುಗಟ್ಟಿಸಬೇಕು, ತಡವಾದರೆ ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿಯಂಥ ಅಣುಗಳು ನಿಮಿಷಗಳಲ್ಲೇ ಹೇಗೆ ಒಡೆಯುತ್ತವೆ, 10–12 ಮೈಕ್ರಾನ್ ಸೆಕ್ಷನ್ ಸುರುಳಿ ಸುತ್ತಿಕೊಳ್ಳದಂತೆ ಗಾಜಿನ ಮೇಲೆ ಹೇಗೆ ಕೂರಿಸುತ್ತೀರಿ, ಇದನ್ನೆಲ್ಲ ಬರೆಯಿರಿ. ನೀವು ಕೈಯಾರೆ ಮಾಡುವ ಕೆಲಸ, ನಿಮ್ಮಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು.

ಮ್ಯಾಟ್ರಿಕ್ಸ್ ತೊಳೆದ ಮೇಲೆ ಅದೇ ಸೆಕ್ಷನ್‌ಗೆ ಬಣ್ಣ ಹಾಕಿ ತೆಗೆದ ಫೋಟೊ ಇದ್ದರೆ ಜೊತೆಗೆ ಕಳಿಸಿ. ಆ ಫೋಟೊ, ಅಣುಗಳ ಚಿತ್ರ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕೋಣ.