ಗಾಜಿನ ಅಂಚಿನ ತುಕ್ಕು: ಹಳೆ ಕಾರಿನ ವಿಂಡ್‌ಸ್ಕ್ರೀನ್ ಫ್ರೇಮ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಹತ್ತಿರ 1950ರ ದಶಕದ ಒಂದು ಕಾರಿದೆ. ಮುಂದಿನ ಗಾಜಿನ ಕೆಳಗೆ, ಎರಡೂ ಮೂಲೆಗಳಲ್ಲಿ ಪೇಂಟ್ ಗುಳ್ಳೆ ಎದ್ದಿದೆ. ಒಂದು ಕಡೆ ಬೆರಳಿನಿಂದ ಒತ್ತಿದರೆ ಕಂದು ಪುಡಿ ಉದುರುತ್ತದೆ. ಗಾಜು ಚೆನ್ನಾಗಿದೆ, ರಬ್ಬರ್ ಸ್ವಲ್ಪ ಗಟ್ಟಿಯಾಗಿದೆ ಅಷ್ಟೆ. ಗಾಜು ತೆಗೆಯದೆ ಹೊರಗಿನಿಂದಲೇ ಉಜ್ಜಿ, ಪುಟ್ಟಿ ಹಾಕಿ, ಪೇಂಟ್ ಹೊಡೆದರೆ ಸಾಕಾಗುತ್ತದಾ? ಗಾಜು ಒಡೆದರೆ ಇನ್ನೊಂದು ಸಿಗುವುದು ಕಷ್ಟ, ಅದೇ ಭಯ.

ಉತ್ತರ: ಸಾಕಾಗುವುದಿಲ್ಲ. ನಿಮ್ಮ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಆದರೂ ಗಾಜು ಹೊರಗೆ ಬರಲೇಬೇಕು.

ಯಾಕೆ ಅಂತ ಹೇಳುತ್ತೇನೆ. ಫ್ರೇಮಿನ ಸುತ್ತ ಒಂದು ತಗಡಿನ ಅಂಚು ಇರುತ್ತದೆ. ಗಾಜಿನ ಸುತ್ತಲಿನ ರಬ್ಬರ್ ಪಟ್ಟಿಗೆ, ಅಂದರೆ ಬೀಡಿಂಗಿಗೆ, ಎರಡು ತೋಡು ಇರುತ್ತವೆ: ಒಂದು ತೋಡು ಆ ಅಂಚನ್ನು ಕಚ್ಚಿಕೊಂಡಿರುತ್ತದೆ, ಇನ್ನೊಂದು ತೋಡಿನಲ್ಲಿ ಗಾಜು ಕೂತಿರುತ್ತದೆ. ರಬ್ಬರ್ ಹೊಸದಿದ್ದಾಗ ನೀರು ಒಳಗೆ ಹೋಗುವುದಿಲ್ಲ. ವರ್ಷ ಕಳೆದಂತೆ ಅದು ಗಟ್ಟಿಯಾಗುತ್ತದೆ, ಮೂಲೆಗಳಲ್ಲಿ ಕುಗ್ಗುತ್ತದೆ, ಕೂದಲೆಳೆಯಷ್ಟು ಸಂದು ಬಿಡುತ್ತದೆ. ಅಷ್ಟು ಸಂದು ಸಾಕು, ನೀರು ತಾನಾಗಿ ಒಳಗೆ ಎಳೆದುಕೊಂಡು ಹೋಗುತ್ತದೆ. ಹೋದ ನೀರಿಗೆ ಬಿಸಿಲೂ ಇಲ್ಲ ಗಾಳಿಯೂ ಇಲ್ಲ, ಹಾಗಾಗಿ ಹೊರಗಿನ ಕಾರು ಒಣಗಿ ದಿನಗಳಾದರೂ ಆ ತೋಡಿನೊಳಗೆ ಮಾತ್ರ ತೇವ ಹಾಗೇ ಇರುತ್ತದೆ. ನೀರು ಇಳಿದು ನಿಲ್ಲುವುದು ಕೆಳಗಿನ ಎರಡು ಮೂಲೆಗಳಲ್ಲಿ. ನಿಮಗೆ ಗುಳ್ಳೆ ಕಾಣಿಸಿರುವುದೂ ಅಲ್ಲೇ ಅಲ್ವಾ?

ಅಂದರೆ ತುಕ್ಕು ಶುರುವಾಗಿದ್ದು ರಬ್ಬರಿನ ಅಡಿಯಲ್ಲಿ. ಅಲ್ಲಿಂದ ಹರಡುತ್ತಾ ಬಂದು ಕೊನೆಗೆ ಪೇಂಟಿನ ಮೇಲೆ ಮುಖ ತೋರಿಸಿದೆ. ಹೊರಗೆ ಬೆರಳಗಲ ಗುಳ್ಳೆ ಇದ್ದರೆ ಒಳಗೆ ಅಂಗೈ ಉದ್ದ ಹೋಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೇಲೆ ಪುಟ್ಟಿ ಹಾಕಿದರೆ ಅದು ಪುಡಿಯಾಗುತ್ತಿರುವ ತಗಡಿಗೆ ಅಂಟಿಕೊಂಡಿರುತ್ತದೆ. ಜೊತೆಗೆ ಪುಟ್ಟಿ ನೀರನ್ನು ಹೀರಿಕೊಳ್ಳುತ್ತದೆ. ಒಂದೆರಡು ಮಳೆಗಾಲದಲ್ಲಿ ಮತ್ತೆ ಗುಳ್ಳೆ ಏಳುತ್ತದೆ, ಅಷ್ಟರಲ್ಲಿ ಒಳಗಿನ ತೂತು ದೊಡ್ಡದಾಗಿರುತ್ತದೆ.

ಇನ್ನೊಂದು ಮಾತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಜಾಸ್ತಿ ಜಾಗ ತಿನ್ನುತ್ತದೆ. ಆ ಗಟ್ಟಿ ಪೊರೆ ರಬ್ಬರಿನ ಅಡಿಯಿಂದ ಗಾಜಿನ ಅಂಚನ್ನು ಒತ್ತುತ್ತದೆ. ಗಾಜಿಗೆ ಅಂಚೇ ದುರ್ಬಲ ಜಾಗ. ಗಾಜು ಉಳಿಯಲಿ ಅಂತ ತೆಗೆಯದೆ ಬಿಟ್ಟರೆ, ಒಂದು ದಿನ ಯಾವುದೋ ಹಳ್ಳಕ್ಕೆ ಚಕ್ರ ಇಳಿದಾಗ ಮೂಲೆಯಿಂದ ಬಿರುಕು ಶುರುವಾಗಬಹುದು.

ಈಗ ಗಾಜು ತೆಗೆಯುವ ವಿಷಯ. ರಬ್ಬರ್ ಉಳಿಸಬೇಕೆಂಬ ಆಸೆ ಬಿಟ್ಟುಬಿಡಿ. ಗಾಜು ಒಡೆಯುವುದು ಹೆಚ್ಚಾಗಿ ಗಟ್ಟಿಯಾದ ರಬ್ಬರನ್ನು ಉಳಿಸಲು ಹೋಗಿ ಸ್ಕ್ರೂಡ್ರೈವರ್ ತೂರಿಸಿ ಮೀಟಿದಾಗ. ಮೊದಲು ಹೊಸ ಬೀಡಿಂಗ್ ತರಿಸಿ ಕೈಯಲ್ಲಿ ಇಟ್ಟುಕೊಳ್ಳಿ. ಹಳೆಯದರ ಒಂದು ತುಂಡಿನ ಪಕ್ಕ ಹಿಡಿದು ಎರಡೂ ತೋಡುಗಳ ಅಗಲ ಒಂದೇ ಇದೆಯಾ ನೋಡಿ. ಆಮೇಲೆ ವೈಪರ್ ತೋಳು, ಕನ್ನಡಿ, ಹೊಳಪಿನ ಪಟ್ಟಿ ಬಿಚ್ಚಿ. ಬೀಡಿಂಗಿನ ಮಧ್ಯದಲ್ಲಿ ಬೇರೆಯಾಗಿ ತೂರಿಸಿದ ಬೀಗದ ಪಟ್ಟಿ ಇದ್ದರೆ ಅದನ್ನು ಮೊದಲು ಎಳೆದು ತೆಗೆಯಿರಿ. ಹೊಸ ಬ್ಲೇಡಿನಿಂದ ರಬ್ಬರಿನ ಹೊರ ತುಟಿಯನ್ನು ಸುತ್ತಲೂ ಕತ್ತರಿಸಿ ಸುಲಿದು ಹಾಕಿ. ಈಗ ಒಬ್ಬರು ಹೊರಗೆ ಎರಡೂ ಕೈಯಲ್ಲಿ ಹಿಡಿಯಲು ನಿಲ್ಲಲಿ, ನೀವು ಒಳಗೆ ಕೂತು ಮೇಲಿನ ಒಂದು ಮೂಲೆಯನ್ನು ಅಂಗೈಯಿಂದ ನಿಧಾನವಾಗಿ ಹೊರಗೆ ಒತ್ತಿ. ಬಿಗಿ ಅನಿಸಿದರೆ ನಿಲ್ಲಿಸಿ, ಎಲ್ಲೋ ಅಂಟಿದೆ, ಅಲ್ಲಿ ಮತ್ತೆ ಬ್ಲೇಡ್ ಆಡಿಸಿ. ತೆಗೆದ ಗಾಜನ್ನು ಮಲಗಿಸಬೇಡಿ. ಮರದ ಪಟ್ಟಿಗಳ ಮೇಲೆ ಕಂಬಳಿ ಹಾಕಿ ನಿಲ್ಲಿಸಿ.

ಗಾಜಿನ ಮೂಲೆಯಲ್ಲಿರುವ ಗುರುತನ್ನೂ ಓದಿಕೊಳ್ಳಿ. ಲ್ಯಾಮಿನೇಟೆಡ್ ಅಂದರೆ ಎರಡು ಗಾಜಿನ ನಡುವೆ ಒಂದು ಪದರ ಇರುತ್ತದೆ, ಬಿರುಕು ಬಿಟ್ಟರೂ ಉದುರುವುದಿಲ್ಲ. ಟಫನ್ಡ್ ಗಾಜಾದರೆ ಅಂಚಿಗೆ ಒಂದು ಪೆಟ್ಟು ಬಿದ್ದರೂ ಇಡೀ ಗಾಜು ಸಣ್ಣ ಹರಳಾಗಿ ಸುರಿಯಬಹುದು. ನಿಮ್ಮದು ಚಪ್ಪಟೆ ಗಾಜಾದರೆ ಭಯ ಕಡಿಮೆ ಮಾಡಿಕೊಳ್ಳಿ, ಒಡೆದರೂ ಲ್ಯಾಮಿನೇಟೆಡ್ ಹಾಳೆಯಿಂದ ಅದೇ ಅಳತೆಗೆ ಕತ್ತರಿಸಿಕೊಳ್ಳಬಹುದು. ಬಾಗಿದ ಗಾಜಿಗೆ ಆ ದಾರಿ ಇಲ್ಲ. ಉದಾಹರಣೆಗೆ ಮಾರಿಸ್ ಮೈನರ್ ಕಾರಿಗೆ ಮೊದಲು ಎರಡು ಚಪ್ಪಟೆ ತುಂಡುಗಳ ಗಾಜಿತ್ತು, 1956ರಲ್ಲಿ ಮೈನರ್ 1000 ಬಂದಾಗ ಅದು ಬಾಗಿದ ಒಂದೇ ಗಾಜಾಯಿತು. ಒಂದೇ ಕಾರು, ಆದರೆ ಗಾಜು ಹುಡುಕುವ ಕಷ್ಟ ಬೇರೆ ಬೇರೆ.

ಗಾಜು ಹೊರಗೆ ಬಂದ ಮೇಲೆ ಗ್ರೈಂಡರ್ ಕೈಗೆತ್ತಿಕೊಳ್ಳಲು ಅವಸರ ಮಾಡಬೇಡಿ. ಮೊದಲು ಅಚ್ಚು ಮಾಡಿ. ತೆಳು ಪ್ಲೈವುಡ್ ಹಾಳೆಯನ್ನು ಫ್ರೇಮಿನ ಬಾಯಿಗೆ ಸರಿಯಾಗಿ ಕೂರುವಂತೆ ಕತ್ತರಿಸಿ ಇಟ್ಟುಕೊಳ್ಳಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು ಬರೆದಿಡಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಮೊದಲ ಸಲ ಮಾಡಿದಾಗ ಅಚ್ಚು ಇಲ್ಲದೆ, ಕಣ್ಣಳತೆಯಲ್ಲೇ ಕೆಳಗಿನ ಮೂಲೆ ಕತ್ತರಿಸಿ ಹೊಸ ತುಂಡು ಬೆಸೆದೆ. ನೋಡಲು ಚೆನ್ನಾಗಿತ್ತು. ಗಾಜು ಕೂರಿಸಿದ ಮೂರನೇ ದಿನ ಅದೇ ಮೂಲೆಯಿಂದ ಬಿರುಕು ಹೊರಟಿತು. ಬಿಚ್ಚಿ ನೋಡಿದರೆ ಬೆಸುಗೆಯ ಒಂದು ಉಬ್ಬು, ಅಕ್ಕಿಕಾಳಿನಷ್ಟು. ಅಂದಿನಿಂದ ಪ್ಲೈವುಡ್ ಅಚ್ಚು ಸಲೀಸಾಗಿ ಕೂರುವ ತನಕ ನಾನು ಗಾಜನ್ನು ಹತ್ತಿರ ತರುವುದೇ ಇಲ್ಲ.

ತುಕ್ಕು ಎಲ್ಲಿಯ ತನಕ ಹೋಗಿದೆ ಅಂತ ತಿಳಿಯಲು ಹಳೇ ಪೇಂಟ್ ಎಬ್ಬಿಸಿ, ಚೂಪಾದ ಮೊಳೆಯಿಂದ ಚುಚ್ಚುತ್ತಾ ಹೋಗಿ. ಹಿಂದೆ ಒಂದು ದೀಪ ಹಿಡಿದರೆ ಸೂಜಿ ತೂತುಗಳು ನಕ್ಷತ್ರದ ಹಾಗೆ ಕಾಣುತ್ತವೆ. ಅವುಗಳ ಸುತ್ತಲಿನ ತಗಡು ಕಾಗದದಷ್ಟು ತೆಳುವಾಗಿರುತ್ತದೆ, ಅದಕ್ಕೆ ಬೆಸುಗೆ ನಿಲ್ಲುವುದಿಲ್ಲ. ಹೊಳೆಯುವ, ಗಟ್ಟಿ ತಗಡು ಸಿಗುವ ತನಕ ಕತ್ತರಿಸಬೇಕು, ಅಲ್ಲಿಂದ ಮುಂದೆ ಒಂದು ಇಂಚೂ ಬೇಡ. ಮೂಲ ತಗಡು ಎಷ್ಟು ಉಳಿದರೆ ಅಷ್ಟು ಒಳ್ಳೆಯದು, ಅದರ ತಿರುವು ಕಾರ್ಖಾನೆಯ ಅಚ್ಚಿನಲ್ಲಿ ಬಂದದ್ದು, ಕೈಯಲ್ಲಿ ಹಾಗೇ ತರುವುದು ಸುಲಭವಲ್ಲ. ಮೇಲೆ ಬರೀ ಹಳ್ಳ ಬಿದ್ದಿದ್ದರೆ ಕತ್ತರಿಸಬೇಕಾಗಿಲ್ಲ.

ಎಚ್ಚರದ ಮಾತು, ದಯವಿಟ್ಟು ಹಾರಿಸಬೇಡಿ. ಆ ಕಾಲದ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಪಿಲ್ಲರಿನ (ಗಾಜಿನ ಪಕ್ಕದಲ್ಲಿ ಚಾವಣಿ ಹೊರುವ ಕಂಬ) ಬುಡದಲ್ಲಿ, ತಗಡುಗಳು ಸೇರುವ ಕಡೆ, ಕಾರ್ಖಾನೆಯಲ್ಲೇ ಸೀಸದ ಮಿಶ್ರಣ ತುಂಬಿ ನಯ ಮಾಡಿರುತ್ತಾರೆ. ಉಜ್ಜಿದಾಗ ಮಂಕು ಬೂದು ಬಣ್ಣದ ಮೆದು ಲೋಹ ಕಂಡರೆ ಅದೇ. ಅದನ್ನು ಒಣದಾಗಿ ಉಜ್ಜಬೇಡಿ, ಒದ್ದೆ ಮಾಡಿ ಕೆರೆಯಿರಿ, ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ. 183 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಆ ಮಿಶ್ರಣ ಮೆದುವಾಗಲು ಶುರುವಾಗುತ್ತದೆ, ಹಾಗಾಗಿ ಹತ್ತಿರದಲ್ಲಿ ಬೆಸುಗೆ ಹಾಕಿದರೆ ಇಳಿದು ಹೋಗುತ್ತದೆ. ಬೆಸುಗೆಗೆ ಮುಂಚೆ ಬ್ಯಾಟರಿ ತಂತಿ ಬಿಚ್ಚಿ, ಡ್ಯಾಶ್‌ಬೋರ್ಡ್ ಹಿಂದಿನ ವೈರು, ಚಾವಣಿಯ ಬಟ್ಟೆ ಎಲ್ಲ ಸರಿಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿ ಇಟ್ಟುಕೊಳ್ಳಿ, ಮುಗಿದು ಒಂದು ಗಂಟೆಯಾದ ಮೇಲೂ ಒಂದು ಸಲ ಬಂದು ಮೂಸಿ ನೋಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತಗಡು ಒರೆಸಿ ಬೆಸುಗೆ ಹಾಕಲೇಬೇಡಿ. ಬಿಸಿಗೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಬರುತ್ತದೆ, ಸ್ವಲ್ಪ ಉಸಿರಿಗೆ ಹೋದರೂ ಜೀವಕ್ಕೇ ಅಪಾಯ.

ಬೆಸುಗೆಯಲ್ಲಿ ನಿಧಾನವೇ ಮುಖ್ಯ. ತಗಡು ಹೆಚ್ಚೆಂದರೆ 1 ಮಿಲಿಮೀಟರ್ ಆಸುಪಾಸು. ಉದ್ದಕ್ಕೆ ಎಳೆದುಕೊಂಡು ಹೋದರೆ ಬಿಸಿಗೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಆ ತುದಿಗೊಂದು, ಮಧ್ಯಕ್ಕೊಂದು, ಕೈ ಇಡುವಷ್ಟು ತಣ್ಣಗಾದ ಮೇಲೆ ಮತ್ತೊಂದು. ಮಧ್ಯೆ ಮಧ್ಯೆ ಅಚ್ಚು ಇಟ್ಟು ನೋಡಿ. ಗ್ರೈಂಡರ್ ಕಿಡಿ ಬಾಗಿಲಿನ ಗಾಜಿಗೆ ತಾಗಿದರೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಾಗಿ ಕೂತುಬಿಡುತ್ತದೆ, ಒರೆಸಿದರೆ ಹೋಗುವುದಿಲ್ಲ, ಒದ್ದೆ ಬಟ್ಟೆ ಮುಚ್ಚಿಡಿ. ಬೆಸುಗೆ ನಿಮಗೆ ಹೊಸದಾದರೆ, ಅಥವಾ ತುಕ್ಕು ಪಕ್ಕದ ಪಿಲ್ಲರಿನೊಳಗೆ ಹೋಗಿದ್ದರೆ, ಇಷ್ಟನ್ನು ಬಲ್ಲವರ ಕೈಗೆ ಕೊಡಿ. ಚಾವಣಿಯ ಭಾರ ನಿಂತಿರುವುದು ಆ ಪಿಲ್ಲರಿನ ಮೇಲೆ.

ಆಮೇಲೆ ಎರಡು ಭಾಗದ ಎಪಾಕ್ಸಿ ಪ್ರೈಮರ್, ಬರೀ ತಗಡಿನ ಮೇಲೆ, ಅದೇ ದಿನ. ರಾತ್ರಿ ಕಳೆದರೆ ಗಾಳಿಯ ತೇವಕ್ಕೇ ಹೊಸ ತುಕ್ಕು ಕೂರುತ್ತದೆ. ತಗಡು ತಗಡು ಸೇರುವ ಗೆರೆಗೆ ಸಂದು ಮುಚ್ಚುವ ಸೀಮ್ ಸೀಲರ್. ರಬ್ಬರ್ ಕಚ್ಚುವ ಅಂಚಿನ ಮೇಲೆ ಪುಟ್ಟಿ ಬೇಡವೇ ಬೇಡ, ಪೇಂಟ್ ಕೂಡ ತೆಳುವಾಗಿರಲಿ, ಅಂಚು ದಪ್ಪವಾದರೆ ರಬ್ಬರ್ ಪೂರ್ತಿ ಕೂರುವುದಿಲ್ಲ, ಮತ್ತೆ ಅದೇ ಸಂದು, ಅದೇ ನೀರು. ಫ್ರೇಮಿನ ಟೊಳ್ಳು ಭಾಗಕ್ಕೆ ಕೊನೆಯಲ್ಲಿ ಮೇಣದ ಸಿಂಪಡಣೆ ಮಾಡಿ. ಬೆಸುಗೆಯ ಬಿಸಿಗೆ ಹಿಂಬದಿಯ ಪೇಂಟ್ ಸುಟ್ಟಿರುತ್ತದೆ, ಅಲ್ಲಿಗೆ ಬ್ರಷ್ ಹೋಗುವುದಿಲ್ಲ.

ಪ್ರಶ್ನೆ: ತುಕ್ಕಿನ ಮೇಲೆ ಹಚ್ಚಿದರೆ ಕಪ್ಪಾಗುವ ದ್ರಾವಣ ಸಿಗುತ್ತದೆ. ಅದನ್ನು ಹಚ್ಚಿದರೆ ಉಜ್ಜುವ ಕೆಲಸವೇ ಇಲ್ಲ ಅನ್ನುತ್ತಾರೆ, ನಿಜವಾ?

ಉತ್ತರ: ಅರ್ಧ ನಿಜ. ಅದರಲ್ಲಿ ಟ್ಯಾನಿಕ್ ಆಮ್ಲ ಇರುತ್ತದೆ, ಅದು ತುಕ್ಕಿನ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಹಳ್ಳದ ತಳದಲ್ಲಿ ಉಳಿದ ತೆಳು ತುಕ್ಕಿಗೆ ಒಳ್ಳೆಯದು. ಪದರ ಪದರವಾಗಿ ಎದ್ದ ದಪ್ಪ ತುಕ್ಕಿಗೆ ಹಚ್ಚಿದರೆ ಮೇಲಿನ ಪದರ ಮಾತ್ರ ಕಪ್ಪಾಗುತ್ತದೆ, ಅಡಿಯಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಮೊದಲು ಕೆರೆದು, ತಂತಿ ಬ್ರಷ್ ಹಾಕಿ, ಆಮೇಲೆ ಹಚ್ಚಿ. ಫಾಸ್ಫಾರಿಕ್ ಆಮ್ಲದ ದ್ರಾವಣವೂ ಸಿಗುತ್ತದೆ, ಅದು ತುಕ್ಕನ್ನು ಕರಗಿಸುತ್ತದೆ, ತಗಡಿನ ಮೇಲೆ ಬೂದು ಪದರ ಬಿಡುತ್ತದೆ. ಆದರೆ ಆಮ್ಲದ ಅಂಟು ಉಳಿದರೆ ಕೆಲವು ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ, ಪ್ರೈಮರ್ ಡಬ್ಬಿಯ ಮೇಲಿನ ಸೂಚನೆ ಓದಿ, ಚೆನ್ನಾಗಿ ತೊಳೆದು ಒಣಗಿಸಿ.

ಪ್ರಶ್ನೆ: ನಮ್ಮದು ತೆರೆದ ಮೈಯ ಹಳೇ ಗಾಡಿ, ಗಾಜಿನ ಫ್ರೇಮ್ ಪೂರ್ತಿ ಬಿಚ್ಚಿ ಬರುತ್ತದೆ. ಸ್ಕ್ರೂಗಳು ಕಚ್ಚಿಕೊಂಡಿವೆ. ತುಕ್ಕು ಬಿಡಿಸಲು ಫ್ರೇಮನ್ನು ಬ್ಯಾಟರಿ ಚಾರ್ಜರ್ ಹಾಕಿ ಸೋಡಾ ನೀರಿನಲ್ಲಿ ಮುಳುಗಿಸಬಹುದಾ?

ಉತ್ತರ: ಮೊದಲು ಅಯಸ್ಕಾಂತ ಹಿಡಿದು ನೋಡಿ. 1920, 30ರ ದಶಕದ ಎಷ್ಟೋ ಫ್ರೇಮುಗಳು ಹಿತ್ತಾಳೆಯವು, ಮೇಲೆ ಕ್ರೋಮ್ ಅಥವಾ ನಿಕಲ್ ಲೇಪ ಇರುತ್ತದೆ, ಅಯಸ್ಕಾಂತ ಹಿಡಿಯುವುದಿಲ್ಲ. ಅಂಥ ಫ್ರೇಮಿನಲ್ಲಿ ತುಕ್ಕು ಹಿಡಿದಿರುವುದು ಉಕ್ಕಿನ ಸ್ಕ್ರೂ ಮಾತ್ರ. ಎರಡು ಬೇರೆ ಲೋಹ, ನಡುವೆ ನೀರು ಸೇರಿದರೆ ಉಕ್ಕೇ ಮೊದಲು ಸವೆಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ದಿನ ಬಿಡಿ, ಮತ್ತೆ ಹಾಕಿ. ತಿರುಗಿಸುವಾಗ ಮೊದಲು ಬಿಗಿಯುವ ಕಡೆಗೆ ಸ್ವಲ್ಪ, ಆಮೇಲೆ ಬಿಚ್ಚುವ ಕಡೆಗೆ. ಗಾಜು ಒಳಗಿದ್ದರೆ ಬೆಂಕಿ ತೋರಿಸಬೇಡಿ. ತಲೆ ಸವೆದರೆ ಮಧ್ಯಕ್ಕೆ ಡ್ರಿಲ್ ಹಾಕಿ ತೆಗೆಯುವುದೇ ವಾಸಿ.

ಉಕ್ಕಿನ ಫ್ರೇಮಾದರೆ, ಗಾಜು ಬಿಚ್ಚಿದ ಮೇಲೆ, ಸೋಡಾ ನೀರಿನ ದಾರಿ ತುಂಬ ಒಳ್ಳೆಯದು, ಒಳ್ಳೆ ತಗಡನ್ನು ಅದು ತಿನ್ನುವುದಿಲ್ಲ. ಬಟ್ಟೆ ಒಗೆಯುವ ಸೋಡಾ ಕರಗಿಸಿ, ಚಾರ್ಜರಿನ ಮೈನಸ್ ತಂತಿ ಫ್ರೇಮಿಗೆ, ಪ್ಲಸ್ ಒಂದು ಗುಜರಿ ಕಬ್ಬಿಣದ ತುಂಡಿಗೆ. ಅದಲು ಬದಲಾದರೆ ನಿಮ್ಮ ಫ್ರೇಮೇ ಕರಗುತ್ತದೆ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಅಲ್ಯೂಮಿನಿಯಂ ತುಂಡು ಇದ್ದರೆ ಬಿಚ್ಚಿಡಿ, ಸೋಡಾ ಅದನ್ನು ತಿನ್ನುತ್ತದೆ. ಹೈಡ್ರೋಜನ್ ಬರುವುದರಿಂದ ಬಯಲಲ್ಲೇ ಮಾಡಿ, ಕಿಡಿ ಹತ್ತಿರ ಬರದಿರಲಿ.

ಪ್ರಶ್ನೆ: ಫ್ರೇಮ್ ಸರಿ ಮಾಡಿಸಿ ಹೊಸ ರಬ್ಬರ್ ಹಾಕಿದ್ದಾಯಿತು, ಆದರೂ ಮಳೆ ಬಂದರೆ ಕಾಲ ಬಳಿ ನೀರು. ಅಂಚಿಗೆಲ್ಲ ಸಿಲಿಕೋನ್ ಹಚ್ಚಿಬಿಡಲಾ?

ಉತ್ತರ: ಬೇಡ. ವಿನೆಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ತಗಡಿಗೆ ತುಕ್ಕು ತರುತ್ತದೆ. ಮೇಲಾಗಿ ಸಿಲಿಕೋನ್ ತಾಗಿದ ಜಾಗಕ್ಕೆ ಮುಂದೆ ಪೇಂಟ್ ಹಿಡಿಯುವುದು ಕಷ್ಟ.

ನೀರು ಗಾಜಿನಿಂದಲೇ ಬರುತ್ತಿದೆ ಅಂತ ಖಚಿತ ಮಾಡಿಕೊಂಡಿದ್ದೀರಾ? ಕಾಲಡಿಯ ಹಾಸು ತೆಗೆದು ಒಬ್ಬರನ್ನು ಟಾರ್ಚ್ ಹಿಡಿದು ಒಳಗೆ ಕೂರಿಸಿ. ನೀವು ಹೊರಗಿನಿಂದ ಪೈಪಿನಲ್ಲಿ ನೀರನ್ನು ಸಣ್ಣದಾಗಿ ಬಿಡಿ. ಮೊದಲು ಬಾನೆಟ್ ಹಿಂದಿನ ಗಾಳಿ ಕಿಂಡಿಗೆ ಕೆಲವು ನಿಮಿಷ, ಆಮೇಲೆ ವೈಪರ್ ಬುಡಕ್ಕೆ, ಆಮೇಲೆ ಗಾಜಿನ ಕೆಳ ಅಂಚಿಗೆ, ಹೀಗೆ ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಎಷ್ಟೋ ಸಲ ತಪ್ಪು ಕಿಂಡಿಯಡಿಯ ನೀರು ಹೋಗುವ ತೂತಿನದು, ಎಲೆ ಕೊಳೆತು ಕಟ್ಟಿಕೊಂಡಿರುತ್ತದೆ. ಒಂದು ತಂತಿಯಿಂದ ಬಿಡಿಸಿದರೆ ಮುಗಿಯಿತು.

ಗಾಜಿನ ಅಂಚೇ ಅಂತ ಗೊತ್ತಾದರೆ ರಬ್ಬರಿನ ಒಳ ತುಟಿ ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ. ಮಡಚಿದ್ದರೆ ಮತ್ತೆ ಕೂರಿಸಬೇಕು. ಗಾಜಿಗೆ ರಬ್ಬರ್ ತೊಡಿಸಿ, ತಗಡು ಕಚ್ಚುವ ತೋಡಿನೊಳಗೆ ಸುತ್ತಲೂ ಒಂದು ಗಟ್ಟಿ ಹಗ್ಗ ಹಾಕಿ, ಎರಡು ತುದಿ ಕೆಳಗಿನ ಮಧ್ಯದಲ್ಲಿ ಒಂದರ ಮೇಲೊಂದು ಬಂದು ಒಳಗೆ ಇಳಿಬಿದ್ದಿರಲಿ. ಸೋಪಿನ ನೀರು ಸವರಿ. ಗ್ರೀಸ್ ಅಥವಾ ಎಂಜಿನ್ ಆಯಿಲ್ ಬೇಡ, ರಬ್ಬರ್ ಉಬ್ಬುತ್ತದೆ. ಹೊರಗಿನವರು ಅಂಗೈಯಿಂದ ಒತ್ತುತ್ತಿರಲಿ, ನೀವು ಒಳಗಿನಿಂದ ಹಗ್ಗ ಎಳೆಯುತ್ತಾ ಹೋಗಿ, ಎಳೆದಂತೆಲ್ಲ ತುಟಿ ಅಂಚಿನ ಈಚೆಗೆ ಹಾರಿ ಕೂರುತ್ತದೆ. ಕೂತ ಮೇಲೂ ನೀರು ಬಂದರೆ ರಬ್ಬರ್ ಮತ್ತು ತಗಡಿನ ನಡುವೆ, ಗಟ್ಟಿಯಾಗದೆ ಮೆದುವಾಗಿಯೇ ಉಳಿಯುವ ಗಾಜಿನ ಸೀಲರನ್ನು ತೆಳ್ಳಗೆ ತುಂಬಿ. ಹೆಚ್ಚಾದದ್ದನ್ನು ಒರೆಸಿ, ಹಾಸು ಹಾಕುವ ಮುಂಚೆ ಇನ್ನೊಂದು ಸಲ ಪೈಪ್ ಹಿಡಿಯಿರಿ.