ಹಳಿಯ ಆಚೆಗಿನ ಪೇಟೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಜವಳಿ ಅಂಗಡಿ ನಡೆಸಿದ್ದ ಹಿರಿಯ ಓದುಗರೊಬ್ಬರು ಬರೆಯುತ್ತಾರೆ: "ಕಳೆದ ಸಂಚಿಕೆಯಲ್ಲಿ ಚೀನಾದ ಹಾರ್ಬಿನ್ ಬಗ್ಗೆ ಬಂದ ಲೇಖನ ಓದಿದೆ. ನನ್ನ ಮೊಮ್ಮಗಳು ಅಲ್ಲೇ ಡಾಕ್ಟರಿಕೆ ಓದುತ್ತಿದ್ದಾಳೆ. ಜನವರಿಯಲ್ಲಿ ಮಗ, ಸೊಸೆ ಜೊತೆ ನಾನೂ ಹೊರಟಿದ್ದೇನೆ. ನೀವು ಬರೆದಿದ್ದೆಲ್ಲ ರಷ್ಯನ್ ಚರ್ಚು, ರಷ್ಯನ್ ಬೀದಿ. ಅದೇ ಊರಿನ ಚೀನೀ ವ್ಯಾಪಾರಿಗಳು ಎಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದರು? ದಾವೊವಾಯ್ ಅಂತ ಹಳೇ ಪೇಟೆ ಇದೆಯಂತೆ. ಮೊಮ್ಮಗಳು 'ಅಲ್ಲೇನಿದೆ ಅಜ್ಜ, ಹಳೇ ಗೋಡೆಗಳು' ಅನ್ನುತ್ತಾಳೆ. ಹೋಗಬಹುದಾ? ನಾವು ಮಾಂಸ ತಿನ್ನುವವರಲ್ಲ."

ಹಿರಿಯರೇ, ನಮಸ್ಕಾರ.

ಖಂಡಿತ ಹೋಗಿ. ಒಂದು ಪೂರ್ತಿ ದಿನ ಇಟ್ಟುಕೊಂಡು ಹೋಗಿ. ನಮ್ಮ ಲೇಖನದಲ್ಲಿ ದಾವೊವಾಯ್‌ಗೆ ಸಿಕ್ಕಿದ್ದು ಒಂದೇ ಸಾಲು. ಅದು ನಮ್ಮ ತಪ್ಪು. ನಿಮ್ಮ ಪತ್ರ ಬಂದ ಮೇಲೆ ಆ ತಪ್ಪು ಜಾಸ್ತಿ ಚುಚ್ಚುತ್ತಿದೆ. ಅದಕ್ಕೇ ಈ ಉದ್ದದ ಉತ್ತರ.

ಮೊದಲು ಹೆಸರು. ಹಾರ್ಬಿನ್ ಊರಾಗಿ ಬೆಳೆದದ್ದು ರೈಲಿನಿಂದ. 1898ರಲ್ಲಿ ರಷ್ಯನ್ನರು ಸೊಂಗ್ಹುವಾ ನದಿಯ ದಡದಲ್ಲಿ ಚೈನೀಸ್ ಈಸ್ಟರ್ನ್ ರೈಲ್ವೆಯ ಕೆಲಸ ಶುರು ಮಾಡಿದರು. ಹಳಿಯ ಒಳಗಿನ ಭಾಗ ದಾವೊಲಿ, ಹೊರಗಿನ ಭಾಗ ದಾವೊವಾಯ್. 'ದಾವೊ' ಅಂದರೆ ದಾರಿ, ಇಲ್ಲಿ ರೈಲುದಾರಿ. 'ವಾಯ್' ಅಂದರೆ ಹೊರಗೆ. ನಾವು ಬರೆದ ಸೆಂಟ್ರಲ್ ಸ್ಟ್ರೀಟ್ ಇರುವುದು ದಾವೊಲಿಯಲ್ಲಿ. 1924ರಲ್ಲಿ ಹಾಸಿದ ಅದರ ಗ್ರಾನೈಟ್ ಕಲ್ಲುಗಳ ಮೇಲೆ ಜನ ಈಗಲೂ ನಡೆಯುತ್ತಾರೆ. ಅದು ಚೆಂದದ ಬೀದಿ, ನೋಡಿ. ಆದರೆ ನೀವು ಹುಡುಕುತ್ತಿರುವ ಗಲ್ಲಾಪೆಟ್ಟಿಗೆ ಇದ್ದದ್ದು ಹಳಿಯ ಆಚೆ. ಆಗ ಆ ಜಾಗಕ್ಕೆ ಫುಜಿಯಾದಿಯನ್ ಅಂತ ಹೆಸರು. ಚೀನಾದ ಶಾಂಡೊಂಗ್, ಹೆಬೈ ಪ್ರಾಂತ್ಯಗಳ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು ಅಲ್ಲಿ ನೆಲೆ ನಿಂತರು. ಕೂಲಿಗಳು, ಗಾರೆಯವರು, ಬಡಗಿಗಳು, ಬೀದಿ ವ್ಯಾಪಾರಿಗಳು. ಹಳಿ ಹಾಕಿದವರಲ್ಲಿ, ಒಳಗಿನ ಕಟ್ಟಡಗಳನ್ನು ಕಟ್ಟಿದವರಲ್ಲಿ ಇವರೂ ಇದ್ದರು.

ಈಗ ಕಟ್ಟಡದ ಮಾತು. ಅಲ್ಲಿನ ಮುಖ್ಯ ಬೀದಿಗೆ ಈಗ ಜಿಂಗ್ಯು ಬೀದಿ ಎಂದು ಹೆಸರು. ಜಪಾನೀಯರ ವಿರುದ್ಧ ಹೋರಾಡಿ 1940ರಲ್ಲಿ ಸತ್ತ ಯಾಂಗ್ ಜಿಂಗ್ಯು ಅವರ ನೆನಪಿಗೆ ಇಟ್ಟ ಹೆಸರು. ಅಡ್ಡಬೀದಿಗಳಿಗೆ ನಂಬರು: ಒಂದನೇ ಬೀದಿ, ಎರಡನೇ ಬೀದಿ, ಹೀಗೆ. ದಕ್ಷಿಣ ಎರಡನೇ ಬೀದಿ, ಮೂರನೇ ಬೀದಿ ಅಂತ ಕೇಳಿ, ಅಲ್ಲೇ ಹಳೇ ಅಂಗಡಿಗಳ ಸಾಲು. ಇವಕ್ಕೆ ಈಗ 'ಚೈನೀಸ್ ಬರೋಕ್' ಅನ್ನುತ್ತಾರೆ. ಬರೋಕ್ ಅಂದರೆ ಅಲಂಕಾರ ತುಂಬಿದ ಹಳೇ ಯುರೋಪಿನ ಕಟ್ಟಡ ಶೈಲಿ. ಎದುರಿನಿಂದ ನೋಡಿದರೆ ಯುರೋಪಿನ ಕಟ್ಟಡ. ಕಂಬ, ಕಮಾನು, ಮೇಲೊಂದು ಕಿರೀಟ. ಹತ್ತಿರ ಹೋಗಿ ತಲೆ ಎತ್ತಿ ನೋಡಿ. ನಾನು ಹೋದಾಗ ಒಂದು ಅಂಗಡಿಯ ಮುಂದೆ ಕಾಲು ಮರಗಟ್ಟುವವರೆಗೂ ನಿಂತಿದ್ದೆ. ಕಮಾನಿನ ಸುತ್ತ ಗಾರೆಯಲ್ಲಿ ಮಾಡಿದ್ದು ಯುರೋಪಿನ ಬಳ್ಳಿಯಲ್ಲ. ಬಾಯಿ ಬಿರಿದ ದಾಳಿಂಬೆ, ಒಳಗಿನ ಬೀಜಗಳೂ ಎದ್ದು ಕಾಣುತ್ತವೆ. ಪಕ್ಕದಲ್ಲಿ ದ್ರಾಕ್ಷಿ ಗೊಂಚಲು. ಮೇಲೆ ರೆಕ್ಕೆ ಹರಡಿದ ಬಾವಲಿ.

ನಮ್ಮಲ್ಲಿ ಬಾವಲಿ ಅಂದರೆ ಅಪಶಕುನ ಅಲ್ವಾ? ಅವರ ಮಾತಿನಲ್ಲಿ ಬಾವಲಿಗೂ 'ಫು', ಭಾಗ್ಯಕ್ಕೂ 'ಫು'. ದಾಳಿಂಬೆ ಅಂದರೆ ಮನೆ ತುಂಬ ಮಕ್ಕಳು. ಪಿಯೊನಿ ಹೂವು ಅಂದರೆ ಸಿರಿ. ಹಳಿಯ ಒಳಗೆ ಕಂಡ ಕಮಾನನ್ನು ತಂದು, ಅದರ ಮೇಲೆ ತಮ್ಮ ಮನೆಯ ಶುಭವನ್ನೆಲ್ಲ ಬರೆದುಕೊಂಡರು.

ಆದರೆ ಮುಂಭಾಗ ನೋಡಿ ವಾಪಸ್ಸು ಬರಬೇಡಿ. ತುಂಬ ಜನ ಹಾಗೇ ಮಾಡುತ್ತಾರೆ. ಪಕ್ಕದ ಕಮಾನು ದಾಟಿ ಒಳಗೆ ಹೋಗಿ. ಅಲ್ಲಿ ನಿಮಗೆ ಥಟ್ಟನೆ ನಮ್ಮ ತೊಟ್ಟಿಮನೆ ನೆನಪಾಗುತ್ತದೆ. ನಡುವೆ ಅಂಗಳ, ಸುತ್ತ ಎರಡು ಮೂರು ಅಂತಸ್ತು. ಮರದ ಮೆಟ್ಟಿಲು ಹೊರಗಿನಿಂದಲೇ ಹತ್ತುತ್ತದೆ. ಪ್ರತಿ ಅಂತಸ್ತಿಗೂ ಮರದ ಕಟಕಟೆಯ ಮೊಗಸಾಲೆ ಸುತ್ತು ಬರುತ್ತದೆ. ಮುಂದೆ ಅಂಗಡಿ, ಹಿಂದೆ ಮನೆ, ಗೋದಾಮು. ನಾನು ನೋಡಿದ ಒಂದು ಮೆಟ್ಟಿಲಿನ ಹಲಗೆ ನಡುವೆ ಸವೆದು ಬಟ್ಟಲಿನ ಹಾಗೆ ತಗ್ಗಾಗಿತ್ತು. ಅದರಲ್ಲಿ ಹಿಮ ಗಟ್ಟಿಯಾಗಿ ಕೂತಿತ್ತು. ಬೆನ್ನ ಮೇಲೆ ಮೂಟೆ ಹೊತ್ತವರು ಎಷ್ಟು ಸಲ ಹತ್ತಿ ಇಳಿದಿರಬೇಕು ಹೇಳಿ.

ನಿಮಗೆ ಇಷ್ಟವಾಗುವ ಒಂದು ಹೆಸರು: ವು ಬೈಶಿಯಾಂಗ್. ಹೆಬೈನ ಲೆಟಿಂಗ್ ಎಂಬ ಕಡೆಯಿಂದ ಬಂದ ಹುಡುಗ. ಈಶಾನ್ಯ ಚೀನಾದ ಪೇಟೆಗಳಲ್ಲಿ ಲೆಟಿಂಗ್ ವ್ಯಾಪಾರಿಗಳಿಗೆ ಆಗ ದೊಡ್ಡ ಹೆಸರು. ಈತ ಸಣ್ಣ ವ್ಯಾಪಾರದಿಂದ ಮೇಲೆ ಬಂದು 'ತೊಂಗ್ಜಿ' ಅಂಗಡಿ ಕಟ್ಟಿದ. 1921ರಲ್ಲಿ ಈಗಿನ ಜಿಂಗ್ಯು ಬೀದಿಯಲ್ಲಿ 'ದಾಲುವೊಶಿನ್' ಎಂಬ ದೊಡ್ಡ ಮಳಿಗೆ ತೆರೆದ. ಊರೂರಿನ ಸರಕು ಒಂದೇ ಸೂರಿನಡಿ ಸಿಗುವ ಹೊಸ ಬಗೆಯ ಅಂಗಡಿ ಅದು.

ಇನ್ನು ಬಹಳ ಮುಖ್ಯವಾದ ಸಂಗತಿಗೆ ಬರುತ್ತೇನೆ. ಇದನ್ನು ಮೊಮ್ಮಗಳಿಗೂ ಓದಿ ಹೇಳಿ. 1910ರ ಕೊನೆಗೆ ಇದೇ ಫುಜಿಯಾದಿಯನ್‌ಗೆ ಪ್ಲೇಗ್ ಬಂತು. ನಮ್ಮಲ್ಲಿ ಇಲಿಯಿಂದ, ಗಡ್ಡೆ ಕಟ್ಟಿ ಬರುತ್ತಿದ್ದ ಪ್ಲೇಗ್ ಅಲ್ಲ. ಇದು ಶ್ವಾಸಕೋಶದ ಪ್ಲೇಗ್. ಕೆಮ್ಮಿದರೆ ಪಕ್ಕದವನಿಗೆ ಹತ್ತುತ್ತಿತ್ತು, ಹತ್ತಿದವನು ಉಳಿಯುತ್ತಿರಲಿಲ್ಲ. ತುಪ್ಪಳಕ್ಕಾಗಿ ಮಾರ್ಮೊಟ್ ಎಂಬ ಪ್ರಾಣಿಯನ್ನು ಬೇಟೆಯಾಡುವವರಿಂದ ಅದು ಶುರುವಾಗಿ, ರೈಲು ಹತ್ತಿ ಬಂತು. ಸರ್ಕಾರ ಕಳಿಸಿದ್ದು ವು ಲಿಯೆನ್-ತೆ ಎಂಬ ವೈದ್ಯರನ್ನು. ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದವರು. ವಯಸ್ಸು 31.

ಗಾಳಿಯಿಂದ ಹರಡುತ್ತಿದೆ ಎಂದು ಅವರು ಹೇಳಿದಾಗ ಎಲ್ಲರೂ ನಂಬಲಿಲ್ಲ. ಮೆನಿ ಎಂಬ ಹಿರಿಯ ಫ್ರೆಂಚ್ ವೈದ್ಯರು ಮಾಸ್ಕ್ ಹಾಕದೆ ರೋಗಿಗಳನ್ನು ನೋಡಿದರು, ಕೆಲವೇ ದಿನಗಳಲ್ಲಿ ತೀರಿಹೋದರು. ವು ಅವರು ಹತ್ತಿಯನ್ನು ಗಾಜ್ ಬಟ್ಟೆಯಲ್ಲಿ ಮಡಚಿ ಮಾಸ್ಕ್ ಮಾಡಿಸಿದರು. ಪೇಟೆಯನ್ನು ನಾಲ್ಕು ಭಾಗ ಮಾಡಿ ಓಡಾಟ ನಿಲ್ಲಿಸಿದರು. ರೈಲ್ವೆಯಿಂದ ಗೂಡ್ಸ್ ವ್ಯಾಗನ್ ಪಡೆದು ಅದರಲ್ಲಿ ಶಂಕಿತರನ್ನು ಇರಿಸಿದರು. ನೆಲ ಹೆಪ್ಪುಗಟ್ಟಿ ಗುಂಡಿ ತೋಡಲಾಗದೆ ಸಾವಿರಾರು ಶವಪೆಟ್ಟಿಗೆಗಳು ಬಯಲಲ್ಲೇ ಇದ್ದವು. ಚೀನೀ ಹೊಸ ವರ್ಷದ ಮರುದಿನ, 1911ರ ಜನವರಿ 31ರಂದು, ರಾಜನ ಅಪ್ಪಣೆ ಪಡೆದು ಅವನ್ನು ಸುಟ್ಟರು. ಹಿರಿಯರನ್ನು ಮಣ್ಣು ಮಾಡಿಯೇ ಗೊತ್ತಿದ್ದ ಜನಕ್ಕೆ ಅದೆಂಥ ನೋವು! ಮಾರ್ಚ್ ಒಂದಕ್ಕೆ ಅಲ್ಲಿ ರೋಗ ನಿಂತಿತು. ಸುಮಾರು 24,000 ಜನರಿದ್ದ ಆ ಪೇಟೆಯಲ್ಲಿ 5,000ಕ್ಕೂ ಹೆಚ್ಚು ಜನ ಸತ್ತಿದ್ದರು. ಈಶಾನ್ಯ ಚೀನಾದಲ್ಲೆಲ್ಲ ಸೇರಿ ಸತ್ತವರು ಸುಮಾರು 60,000.

ಬೆಂಗಳೂರಿಗೆ ಪ್ಲೇಗ್ ಬಂದ ವರ್ಷವೂ 1898. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಭಯದಿಂದಲೇ. ನಮ್ಮವರು ಪೇಟೆ ಬಿಟ್ಟು ದೂರ ಹೋದರು. ಫುಜಿಯಾದಿಯನ್‌ನವರು ಅಲ್ಲೇ ಉಳಿದರು. ನೀವು ನೋಡಲಿರುವ ದಾಳಿಂಬೆ, ಬಾವಲಿಯ ಕಟ್ಟಡಗಳಲ್ಲಿ ಬಹಳಷ್ಟು ಆಮೇಲಿನ ಹತ್ತು ಹದಿನೈದು ವರ್ಷಗಳಲ್ಲಿ ಎದ್ದವು. ಐವರಲ್ಲಿ ಒಬ್ಬರನ್ನು ಕಳೆದುಕೊಂಡ ಪೇಟೆ, ಬಾಗಿಲ ಮೇಲೆ 'ಮನೆ ತುಂಬ ಮಕ್ಕಳಿರಲಿ' ಎಂದು ಗಾರೆಯಲ್ಲಿ ಬರೆಸಿತು. ಇದು ಗೊತ್ತಿದ್ದು ನೋಡಿದರೆ ಅವು ಸುಮ್ನೆ ಹಳೇ ಗೋಡೆಗಳಾಗಿ ಕಾಣುವುದಿಲ್ಲ.

ವು ಅವರ ಸ್ಮಾರಕ ವಸ್ತುಸಂಗ್ರಹಾಲಯ ದಾವೊವಾಯ್‌ನಲ್ಲೇ ಇದೆ. 1926ರಲ್ಲಿ ಅವರು ಅಲ್ಲಿ ವೈದ್ಯಕೀಯ ಶಾಲೆಯನ್ನೂ ತೆರೆದರು. ಇವತ್ತಿನ ಹಾರ್ಬಿನ್ ಮೆಡಿಕಲ್ ಯೂನಿವರ್ಸಿಟಿಯ ಬೇರುಗಳಲ್ಲಿ ಅದೂ ಒಂದು. ಡಾಕ್ಟರಾಗುವ ಹುಡುಗಿ ಒಮ್ಮೆ ಹೋಗಿ ಬರಲಿ.

ಮೊಮ್ಮಗಳ ಮಾತಿನಲ್ಲೂ ಹುರುಳಿದೆ. ದುರಸ್ತಿ ಮಾಡುವಾಗ ಒಳಗಿದ್ದ ಸಂಸಾರಗಳನ್ನು ಬೇರೆ ಕಡೆ ಕಳಿಸಿದರು. ಕೆಲವು ಅಂಗಳಗಳಲ್ಲಿ ಬಣ್ಣ ಹೊಸದು, ದೀಪ ಹೊಸದು, ಆದರೆ ಬಟ್ಟೆ ಒಣಗಿಸುವ ಹಗ್ಗವಿಲ್ಲ, ಮಕ್ಕಳ ಗಲಾಟೆಯಿಲ್ಲ. ನನಗೆ ಅದು ಬೇಜಾರು ತಂದಿತು. ಕಟ್ಟಡ ಉಳಿಸಿದ್ದು ಒಳ್ಳೆಯದೇ. ಜನರನ್ನೂ ಉಳಿಸಿಕೊಳ್ಳಬೇಕಿತ್ತು.

ಊಟ. ಅಲ್ಲಿ ಎಲ್ಲರೂ 'ಗುವೊಬಾವೊರೊ' ತಿನ್ನಿ ಅನ್ನುತ್ತಾರೆ. ಅದು ಹಂದಿಮಾಂಸ, ನಿಮಗಲ್ಲ. ನೀವು 'ದಿಸಾನ್ಶಿಯನ್' ಕೇಳಿ. ಆಲೂಗಡ್ಡೆ, ಬದನೆಕಾಯಿ, ದೊಣ್ಣೆಮೆಣಸಿನಕಾಯಿ ಕರಿದು ಬೆಳ್ಳುಳ್ಳಿ ಹಾಕಿ ಮಾಡುವ ಪಲ್ಯ. ಹಂದಿ ಕೊಬ್ಬು, ಮಾಂಸದ ಸಾರು ಬೇಡ ಅಂತ ಮೊಮ್ಮಗಳ ಕೈಯಲ್ಲಿ ಚೀನೀ ಭಾಷೆಯಲ್ಲಿ ಚೀಟಿ ಬರೆಸಿ ಜೇಬಿನಲ್ಲಿ ಇಟ್ಟುಕೊಳ್ಳಿ. ಬಾಯಲ್ಲಿ ಹೇಳಿದರೆ ಸಾಲದು. ಬೀದಿಯಲ್ಲಿ ಕಪ್ಪಗೆ, ಕಲ್ಲಿನಂತೆ ಹೆಪ್ಪುಗಟ್ಟಿದ ಪೇರ್ ಹಣ್ಣು ಮಾರುತ್ತಾರೆ. ಹಾಳಾಗಿದೆ ಅಂದುಕೊಳ್ಳಬೇಡಿ. ತಣ್ಣೀರಿನಲ್ಲಿ ಹಾಕಿಟ್ಟರೆ ಹಣ್ಣಿನ ಸುತ್ತ ಮಂಜಿನ ಚಿಪ್ಪು ಕಟ್ಟುತ್ತದೆ. ಅದನ್ನು ಒಡೆದು, ಸಿಪ್ಪೆಗೆ ತೂತು ಮಾಡಿ ರಸ ಹೀರಬೇಕು. ನಮ್ಮ ರಸಪೂರಿ ಹಣ್ಣು ಚೀಪುವ ಹಾಗೇ.

ಚಳಿ ಮೈನಸ್ 25ಕ್ಕೂ ಇಳಿಯುತ್ತದೆ. ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಅರ್ಧ ಗಂಟೆ ಹೊರಗೆ ನಡೆದರೆ ಯಾವುದಾದರೂ ಅಂಗಡಿಯೊಳಗೆ ಹೋಗಿ ಮೈ ಕಾಯಿಸಿಕೊಳ್ಳಿ. ಫೋನನ್ನು ಒಳಜೇಬಿನಲ್ಲಿಡಿ, ಹೊರಗಿಟ್ಟರೆ ಬ್ಯಾಟರಿ ಕೂಡಲೇ ಸಾಯುತ್ತದೆ. ಸಂಜೆ ನಾಲ್ಕು, ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಹತ್ತಕ್ಕೇ ಹೋಗಿಬಿಡಿ.

ಒಂದು ಕೋರಿಕೆ. ಅಂಗಳದಲ್ಲಿ ನಿಂತು ಮುಂದಿನ ಅಂಗಡಿಯ ಕಡೆ ನೋಡಿ. ಗಲ್ಲಾ ಎಲ್ಲಿತ್ತು, ಸರಕು ಯಾವ ಬಾಗಿಲಿನಿಂದ ಬರುತ್ತಿತ್ತು, ಗುಮಾಸ್ತರು ಎಲ್ಲಿ ಮಲಗುತ್ತಿದ್ದರು? ನಮಗೆ ಕಾಣದ್ದು ನಿಮ್ಮ ಕಣ್ಣಿಗೆ ಕಂಡೀತು. ವಾಪಸ್ಸು ಬಂದ ಮೇಲೆ ಎರಡು ಪುಟ ಬರೆದು ಕಳಿಸಿ. ಮಾರ್ಚ್ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ