ಲೈಬೀರಿಯಾ ಸೆಮಿನಾರ್: ಆ ಒಂದು ಮುಷ್ಕರದಿಂದಲೇ ಯುದ್ಧ ನಿಂತಿತಾ?

ಸೆಮಿನಾರ್ ಪ್ರಬಂಧವನ್ನು ಗೈಡ್ ಯಾಕೆ ವಾಪಸ್ ಕೊಟ್ಟರು, ಹೇಗೆ ತಿದ್ದಲಿ ಅಂತ ಕೇಳಿದ್ದೀರಿ. ಕಾರಣ ಬಹುಶಃ ಇದು: ಹೆಂಗಸರು ಮುಷ್ಕರ ಹೂಡಿ ಗಂಡಂದಿರನ್ನು ಹತ್ತಿರ ಸೇರಿಸದ್ದಕ್ಕೇ 2003ರಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಅಂತರ್ಯುದ್ಧ ನಿಂತಿತು ಅಂತ ಬರೆದಿದ್ದೀರಿ. ಪತ್ರಿಕೆಗಳಿಗೆ ಆ ಸುದ್ದಿ ರುಚಿ, ಅಷ್ಟೇ. ಅದರಿಂದ ಸಿಕ್ಕಿದ್ದು ಪ್ರಚಾರ ಅಂತ ಆ ಹೆಂಗಸರ ಶಾಂತಿ ಚಳವಳಿಯ ಮುಂದಾಳು ಲೇಮಾ ಗ್ಬೋವಿಯವರೇ ಹೇಳಿದ್ದಾರೆ.

ಮೊದಲು ಆ ಭಾಗವನ್ನು ಒಂದು ಪ್ಯಾರಾಕ್ಕೆ ಇಳಿಸಿ. ಆಮೇಲೆ ರಾಜಧಾನಿ ಮಾನ್ರೋವಿಯಾದ ಮೀನು ಮಾರ್ಕೆಟ್ ಹತ್ತಿರದ ಬಯಲಿನಿಂದ ಶುರುಮಾಡಿ. ಕ್ರೈಸ್ತ, ಮುಸ್ಲಿಂ ಹೆಂಗಸರು ಬಿಳಿ ಬಟ್ಟೆ ತೊಟ್ಟು ಬಿಸಿಲು ಮಳೆ ಎನ್ನದೆ ಕೂತಿದ್ದು ಅಲ್ಲೇ, ಅಧ್ಯಕ್ಷ ಚಾರ್ಲ್ಸ್ ಟೇಲರ್ ಓಡಾಡುವ ದಾರಿಯಲ್ಲಿ. ಜಾಗದ ಆಯ್ಕೆಯಲ್ಲೇ ಅರ್ಧ ಹೋರಾಟ ಇದೆ ಅಲ್ವಾ?

ಮುಂದೆ ಘಾನಾದ ಅಕ್ರಾ. ಸರ್ಕಾರ ಮತ್ತು ಬಂಡುಕೋರರ ಶಾಂತಿ ಮಾತುಕತೆ ನಡೆದದ್ದು ಅಲ್ಲಿ. ಜುಲೈನಲ್ಲಿ ಈ ಹೆಂಗಸರು ಆ ಹಾಲ್ ಬಾಗಿಲಿಗೆ ಅಡ್ಡ ಕೂತರು. ಬಂಧಿಸಲು ಬಂದಾಗ ಗ್ಬೋವಿ ಬಟ್ಟೆ ಬಿಚ್ಚಲು ಹೊರಟರು. ತಾಯಿಯಾದವಳು ಹಾಗೆ ಮಾಡಿದರೆ ಅಲ್ಲಿ ಅದು ಶಾಪ. ಒಪ್ಪಂದ ಆಗಿದ್ದು ಆಗಸ್ಟ್ 18ಕ್ಕೆ. ಬಂಡುಕೋರರ ದಾಳಿ, ಯುದ್ಧಾಪರಾಧದ ಆರೋಪಪಟ್ಟಿ, ಇವುಗಳ ಒತ್ತಡವೂ ಟೇಲರ್ ಮೇಲಿತ್ತು. ಯಾವುದರ ಪಾಲು ಎಷ್ಟು ಅಂತ ತೂಗಿ ಹೇಳೋದು ಕಷ್ಟ. ಸುಮ್ನೆ ಹಾಗೇ ಬರೆದುಬಿಡಿ.

ಕೊನೆ ಅಧ್ಯಾಯ 2005ರ ಚುನಾವಣೆಗೆ ಇರಲಿ. ಮಾರ್ಕೆಟ್‌ನಲ್ಲಿ ವ್ಯಾಪಾರ ಮಾಡುವ ಹೆಂಗಸರ ಅಂಗಡಿ ತಾವು ನೋಡಿಕೊಂಡು, ಅವರ ಮಗುವನ್ನೂ ಎತ್ತಿಕೊಂಡು, ಅವರನ್ನು ಮತದಾರರ ನೋಂದಣಿಗೆ ಕಳಿಸಿದ್ದು ಈ ಚಳವಳಿಯ ಹೆಂಗಸರೇ.